ತೂಕ ಇಳಿಸಲು ಜಿಮ್‌ನಲ್ಲಿ ಯಾವ ಕಾರ್ಡಿಯೋ ಯಂತ್ರ ಹತ್ತಬೇಕು?

ಜಿಮ್ ಸೇರಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: ಸಾಲಾಗಿ ನಿಂತಿರುವ ಈ ಕಾರ್ಡಿಯೋ (ಹೃದಯ ಬಡಿತ ಏರಿಸುವ) ಯಂತ್ರಗಳಲ್ಲಿ ಯಾವುದನ್ನು ಹತ್ತಿದರೆ ತೂಕ ಬೇಗ ಇಳಿಯುತ್ತದೆ? ಓಡುವ ಅಭ್ಯಾಸ ಇರುವವರು ಟ್ರೆಡ್‌ಮಿಲ್ ಎನ್ನುತ್ತಾರೆ. ಮಂಡಿ ನೋವಿರುವವರು ನಿಂತು ಪೆಡಲ್ ತುಳಿಯುವ ಎಲಿಪ್ಟಿಕಲ್ ಎನ್ನುತ್ತಾರೆ. ದೋಣಿಗೆ ಹುಟ್ಟು ಹಾಕಿದಂತೆ ಎಳೆಯುವ ರೋಯಿಂಗ್ ಹೊಸದಾಗಿ ಕಲಿತವರಿಗೆ ಅದರ ಮುಂದೆ ಬೇರೆ ಯಾವುದೂ ಕಾಣುವುದಿಲ್ಲ. ಮೂವರ ಮಾತೂ ನಿಜವೇ, ಆದರೆ ಅದು ಅವರವರ ದೇಹಕ್ಕೆ ಒಪ್ಪಿದ ನಿಜ. ನಿಮಗೆ ಒಪ್ಪುವುದು ಯಾವುದು ಎಂದು ತಿಳಿಯಬೇಕಾದರೆ ಮೊದಲು ಯಾವ ಅಳತೆಯಿಂದ ನೋಡಬೇಕು ಎಂಬುದನ್ನು ಗಟ್ಟಿ ಮಾಡಿಕೊಳ್ಳಬೇಕು.

ಮೊದಲು ಅಳತೆ

ಹೆಚ್ಚಿನವರು "ನಿಮಿಷಕ್ಕೆ ಎಷ್ಟು ಕ್ಯಾಲರಿ" ಎಂದು ಕೇಳುತ್ತಾರೆ. ನಾನು ಕೇಳುವುದು "ವಾರಕ್ಕೆ ಎಷ್ಟು" ಎಂದು. ಕಾರಣ ಸರಳವಾದ ಲೆಕ್ಕ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ ಇರುತ್ತದೆ. ಅರ್ಧ ಗಂಟೆಯಲ್ಲಿ 300 ಕ್ಯಾಲರಿ ಖರ್ಚಾಗುವಷ್ಟು ಗಟ್ಟಿಯಾಗಿ ವಾರಕ್ಕೆ ಐದು ದಿನ ಮಾಡಿದರೂ 1500 ಆಗುತ್ತದೆ. ಊಟದಲ್ಲಿ ಏನನ್ನೂ ಬದಲಿಸದಿದ್ದರೆ ಒಂದು ಕಿಲೋ ಇಳಿಯಲು ಐದು ವಾರ ಬೇಕು. ಇದನ್ನು ಓದಿ ಎದೆಗುಂದಬೇಡಿ. ತಿನ್ನುವುದರಲ್ಲಿ ಸ್ವಲ್ಪ ಹಿಡಿತ ಬಂದರೆ ಇಳಿಕೆಯ ವೇಗ ಎರಡು ಪಟ್ಟಾಗುವುದು ಕಷ್ಟವಲ್ಲ, ಇಳಿದ ತೂಕವನ್ನು ಹಾಗೇ ಉಳಿಸಿಕೊಳ್ಳುವುದರಲ್ಲಿ ವ್ಯಾಯಾಮದ ಪಾಲು ಇನ್ನೂ ದೊಡ್ಡದು. ಆದರೆ ಲೆಕ್ಕ ಹೇಳುವ ಮಾತು ಸ್ಪಷ್ಟವಾಗಿದೆ: ಒಂದು ದಿನ ಬಿದ್ದು ಎದ್ದು ಮಾಡಿದ್ದರಿಂದ ಏನೂ ಆಗುವುದಿಲ್ಲ, ತಿಂಗಳುಗಟ್ಟಲೆ ಮಾಡಿದ್ದರಿಂದ ಆಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮದ್ದು ಬೇಕು ಎನ್ನುತ್ತದೆ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ತೂಕದ ಬಗ್ಗೆಯೇ ಹೇಳಿದ್ದು ಇನ್ನೂ ಖಚಿತ: 150ರಿಂದ 250 ನಿಮಿಷ ಮಾಡಿದರೆ ತೂಕ ಏರದಂತೆ ತಡೆಯಬಹುದು, ಗಮನಕ್ಕೆ ಬರುವಷ್ಟು ಇಳಿಯಬೇಕಾದರೆ 250ಕ್ಕಿಂತ ಹೆಚ್ಚು ಬೇಕು. ಅಂದರೆ ನಿಮ್ಮ ಯಂತ್ರ ವಾರಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ನಿಮ್ಮ ದೇಹ ತಾಳುವಂಥದ್ದಾಗಿರಬೇಕು. ಒಂದೇ ಯಂತ್ರ ಆಗಬೇಕೆಂದಿಲ್ಲ, ಎರಡು ಸೇರಿಸಿಕೊಳ್ಳಬಹುದು.

ಈ "ತಾಳುವ ನಿಮಿಷ" ಮೊದಲ ಅಳತೆ. ಎರಡನೆಯದು, ಒಂದೇ ಮಟ್ಟದ ಆಯಾಸ ಅನಿಸುವಾಗ ಯಾವ ಯಂತ್ರದಲ್ಲಿ ಹೆಚ್ಚು ಖರ್ಚಾಗುತ್ತದೆ ಎಂಬುದು. 1996ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಆರು ಬಗೆಯ ಒಳಾಂಗಣ ಯಂತ್ರಗಳನ್ನು ಹೋಲಿಸಿದ ಒಂದು ಅಧ್ಯಯನ ಬಂತು. ಅಷ್ಟೇ ಕಷ್ಟ ಅನಿಸುವ ಮಟ್ಟದಲ್ಲಿ ಟ್ರೆಡ್‌ಮಿಲ್‌ನಲ್ಲಿ ಅತಿ ಹೆಚ್ಚು ಶಕ್ತಿ ಖರ್ಚಾಗಿತ್ತು. ಭಾಗವಹಿಸಿದವರು ಕೆಲವೇ ಮಂದಿ ಮತ್ತು ಎಳೆಯರು, ಹಾಗಾಗಿ ಅದನ್ನೇ ಕೊನೆಯ ಮಾತಾಗಿ ಹಿಡಿಯಬಾರದು. ಆದರೆ ತರ್ಕ ಅರ್ಥವಾಗುವಂಥದ್ದೇ: ನಡೆಯುವುದು, ಓಡುವುದು ನಮಗೆ ಬಾಲ್ಯದಿಂದ ಬಂದ ಚಲನೆ. ದೊಡ್ಡ ಸ್ನಾಯುಗಳೆಲ್ಲ ಸೇರಿ ಭಾರ ಹಂಚಿಕೊಳ್ಳುತ್ತವೆ, ಒಂದು ಕಡೆ ಉರಿ ಹತ್ತಿ ನಿಲ್ಲಿಸಬೇಕಾಗುವುದಿಲ್ಲ.

ಮೂರನೆಯದು ಕೀಲುಗಳ ಮೇಲಿನ ಹೊಡೆತ. ನಡೆಯುವಾಗ ಪ್ರತಿ ಹೆಜ್ಜೆಗೆ ನೆಲ ಕಾಲಿಗೆ ಹಿಂತಿರುಗಿಸುವ ಬಲ ದೇಹದ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಓಡುವಾಗ ಅದು ಎರಡರಿಂದ ಮೂರು ಪಟ್ಟು. ನೂರು ಕಿಲೋ ತೂಗುವವರಿಗೂ ಅರವತ್ತು ತೂಗುವವರಿಗೂ ಇದರ ಅರ್ಥ ಒಂದೇ ಅಲ್ಲ.

ನಾಲ್ಕನೆಯದನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ, ನನಗೆ ಅದು ಬಹಳ ಮುಖ್ಯ: ನೀವು ಮುಂದೆ ಹೋಗುತ್ತಿದ್ದೀರಾ ಎಂದು ಯಂತ್ರ ಪ್ರಾಮಾಣಿಕವಾಗಿ ಹೇಳುತ್ತದೆಯೇ? ವೇಗ, ಏರು, ವ್ಯಾಟ್ (ನೀವು ಯಂತ್ರಕ್ಕೆ ಹಾಕುವ ಶಕ್ತಿಯ ಅಳತೆ) ನಂಬಬಹುದಾದ ಸಂಖ್ಯೆಗಳು. ಪರದೆಯ ಮೇಲಿನ ಕ್ಯಾಲರಿ ನಂಬುವಂಥದ್ದಲ್ಲ.

ಪರದೆಯ ಮೇಲಿನ ಕ್ಯಾಲರಿ

ಆ ಸಂಖ್ಯೆ ಒಂದು ಸೂತ್ರದಿಂದ ಬಂದ ಅಂದಾಜು. ನಿಮ್ಮ ತೂಕ ನಮೂದಿಸದಿದ್ದರೆ ಯಂತ್ರ ತನ್ನಲ್ಲೇ ಇರುವ ಯಾವುದೋ ತೂಕವನ್ನು ಹಿಡಿದುಕೊಳ್ಳುತ್ತದೆ. ನೀವು ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದ ಕ್ಯಾಲರಿಯನ್ನೂ ಸಾಮಾನ್ಯವಾಗಿ ಸೇರಿಸಿಕೊಂಡಿರುತ್ತದೆ. ಎಪ್ಪತ್ತು ಕಿಲೋ ವ್ಯಕ್ತಿಗೆ ಅದು ಅರ್ಧ ಗಂಟೆಗೆ ಸುಮಾರು 35. ಹಿಡಿಕೆಯ ಮೇಲೆ ಒರಗಿ ಅರ್ಧ ಭಾರ ಕೈಗೆ ಕೊಟ್ಟಿದ್ದೀರಿ ಎಂಬುದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಹಾಗಾಗಿ ಎಲಿಪ್ಟಿಕಲ್‌ನ 400 ಮತ್ತು ಟ್ರೆಡ್‌ಮಿಲ್‌ನ 300 ಪಕ್ಕಪಕ್ಕ ಇಟ್ಟು "ಇದೇ ಮೇಲು" ಎಂದು ತೀರ್ಮಾನಿಸಬೇಡಿ. "400 ಸುಟ್ಟಿದ್ದೇನೆ, ಅಷ್ಟು ತಿನ್ನಬಹುದು" ಎಂಬ ಲೆಕ್ಕವಂತೂ ತೂಕ ನಿಂತಲ್ಲೇ ನಿಲ್ಲಲು ದೊಡ್ಡ ಕಾರಣ. ಮೊನ್ನೆ ಇದೇ ಯಂತ್ರದಲ್ಲಿ, ಇದೇ ಸಮಯದಲ್ಲಿ ಬಂದ ಸಂಖ್ಯೆಯ ಜೊತೆ ಇವತ್ತಿನದನ್ನು ಹೋಲಿಸಲು ಮಾತ್ರ ಅದನ್ನು ಬಳಸಿ.

"ಫ್ಯಾಟ್ ಬರ್ನ್" ಎಂಬ ಬಟನ್ ಬಗ್ಗೆಯೂ ಒಂದು ಮಾತು. ನಿಧಾನವಾಗಿ ಮಾಡುವಾಗ ಖರ್ಚಾಗುವ ಶಕ್ತಿಯಲ್ಲಿ ಕೊಬ್ಬಿನ ಶೇಕಡಾವಾರು ಪಾಲು ಹೆಚ್ಚು, ಅದು ಸರಿ. ಆದರೆ ಒಟ್ಟು ಖರ್ಚೇ ಕಡಿಮೆ. ವಾರದ ಕೊನೆಯಲ್ಲಿ ದೇಹದ ಕೊಬ್ಬು ಇಳಿಯುವುದು ಒಟ್ಟು ಖರ್ಚಿಗೂ ಒಟ್ಟು ತಿಂದದ್ದಕ್ಕೂ ಇರುವ ಅಂತರದಿಂದ. ಆ ಬಟನ್ ಒತ್ತಿದರೆ ತಪ್ಪಿಲ್ಲ, ಅದರಲ್ಲಿ ವಿಶೇಷವೂ ಇಲ್ಲ.

ಟ್ರೆಡ್‌ಮಿಲ್: ಓಡುವುದಕ್ಕಿಂತ ಏರು ನಡಿಗೆ

ಹೆಚ್ಚಿನವರಿಗೆ ನಾನು ಮೊದಲು ಹೇಳುವುದು ಇದನ್ನೇ, ಆದರೆ ಓಡಲು ಹೇಳುವುದಿಲ್ಲ. ಎಪ್ಪತ್ತು ಕಿಲೋ ತೂಗುವವರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಸಮತಟ್ಟಾಗಿ ಅರ್ಧ ಗಂಟೆ ನಡೆದರೆ ಸುಮಾರು 120 ಕ್ಯಾಲರಿ. ವೇಗ ಹಾಗೇ ಇಟ್ಟು ಇನ್‌ಕ್ಲೈನ್ (ಪಟ್ಟಿಯ ಏರು, ಶೇಕಡಾ ಲೆಕ್ಕದಲ್ಲಿ) 5ಕ್ಕೆ ಏರಿಸಿದರೆ ಸುಮಾರು 190. ಹತ್ತಕ್ಕೆ ಏರಿಸಿದರೆ 270ರ ಹತ್ತಿರ. ಹನ್ನೆರಡಕ್ಕೆ ಹೋದರೆ 300, ಅಂದರೆ ಅದೇ ವ್ಯಕ್ತಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ಜಾಗಿಂಗ್ ಮಾಡಿದಷ್ಟು. ಒಂದು ಕಾಲು ಸದಾ ಪಟ್ಟಿಯ ಮೇಲೇ ಇರುವುದರಿಂದ ಓಟದ ಹೊಡೆತ ಇಲ್ಲ, ಓಟದಷ್ಟೇ ಖರ್ಚು ಇದೆ. ಈ ಅನುಕೂಲವನ್ನು ಬೇರೆ ಯಾವ ಯಂತ್ರವೂ ಇಷ್ಟು ಸುಲಭವಾಗಿ ಕೊಡುವುದಿಲ್ಲ.

ಇನ್ನೊಂದು ವಿಷಯ: ಇಲ್ಲಿ ನಿಮ್ಮ ತೂಕವನ್ನು ನೀವೇ ಹೊತ್ತು ಸಾಗುತ್ತೀರಿ. ತೂಕ ಹೆಚ್ಚಿದ್ದಷ್ಟೂ ಅದೇ ವೇಗಕ್ಕೆ ಖರ್ಚು ಹೆಚ್ಚು. ತೊಂಬತ್ತೈದು ಕಿಲೋ ಇರುವವರಿಗೆ ಮೇಲಿನ ಸಂಖ್ಯೆಗಳು ಮೂರನೇ ಒಂದು ಪಾಲಿಗಿಂತ ಹೆಚ್ಚು ಏರುತ್ತವೆ. ನಿಧಾನ ನಡಿಗೆಯೇ ಅವರಿಗೆ ನಿಜವಾದ ವ್ಯಾಯಾಮ. ಪಕ್ಕದವರು ಓಡುತ್ತಿದ್ದಾರೆಂದು ಮುಜುಗರ ಪಡಬೇಕಾಗಿಲ್ಲ.

ಆದರೆ ಒಂದು ಷರತ್ತಿದೆ: ಹಿಡಿಕೆ ಬಿಡಬೇಕು. ಇನ್‌ಕ್ಲೈನ್ ಹದಿನೈದಕ್ಕೆ ಏರಿಸಿ, ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದು, ಹಿಂದಕ್ಕೆ ವಾಲಿ ನಡೆಯುವವರನ್ನು ನೀವೂ ನೋಡಿರುತ್ತೀರಿ. ಹಾಗೆ ವಾಲಿದಾಗ ದೇಹ ಪಟ್ಟಿಗೆ ಮತ್ತೆ ನೇರ ಲಂಬವಾಗಿ ನಿಲ್ಲುತ್ತದೆ, ಭಾರದ ಒಂದು ಪಾಲು ಕೈಗಳಿಗೆ ಹೋಗುತ್ತದೆ, ಏರಿನ ಲಾಭದಲ್ಲಿ ದೊಡ್ಡ ಭಾಗ ಕಳೆದುಹೋಗುತ್ತದೆ. ಪರದೆ ಮಾತ್ರ ಹದಿನೈದರ ಲೆಕ್ಕವನ್ನೇ ತೋರಿಸುತ್ತದೆ. ಕೈ ಬಿಟ್ಟು ನಡೆಯಲು ಆಗದಿದ್ದರೆ ಏರು ಇಳಿಸಿ. ಕೈ ಬೀಸಿ ನಡೆಯುವ 6, ಜೋತುಬಿದ್ದು ನಡೆಯುವ 15ಕ್ಕಿಂತ ಎಷ್ಟೋ ಮೇಲು. ಸಮತೋಲನದ ತೊಂದರೆ ಇರುವವರು ಬೆರಳ ತುದಿ ತಾಗಿಸಿಕೊಂಡರೆ ಸಾಕು.

ಏರಿಗೂ ಬೆಲೆ ಇದೆ. ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿಗೂ ಹೊಸ ಎಳೆತ ಬೀಳುತ್ತದೆ, ಕೆಲವರಿಗೆ ಸೊಂಟ ಹಿಡಿದಂತಾಗುತ್ತದೆ. ಮೊದಲ ವಾರ 3ರಿಂದ 4ರಲ್ಲಿ ಶುರು ಮಾಡಿ, ವಾರಕ್ಕೆ ಒಂದೋ ಎರಡೋ ಹಂತ ಮಾತ್ರ ಏರಿಸಿ. ಓಡಲೇಬೇಕು ಎಂಬ ಆಸೆ ಇದ್ದರೆ ಏರು ನಡಿಗೆ ಕೆಲವು ವಾರ ಸಲೀಸಾದ ಮೇಲೆ, ನಡಿಗೆಯ ನಡುವೆ ಒಂದೊಂದು ನಿಮಿಷದ ಓಟ ಸೇರಿಸಿ. ಮತ್ತೆ, ಆ ಕೆಂಪು ಸುರಕ್ಷತಾ ಕ್ಲಿಪ್ ಅಲಂಕಾರಕ್ಕಿಟ್ಟಿದ್ದಲ್ಲ, ಬಟ್ಟೆಗೆ ಸಿಕ್ಕಿಸಿಕೊಳ್ಳಿ. ಓಡುತ್ತಿರುವ ಪಟ್ಟಿಯ ಮೇಲೆ ಫೋನ್ ನೋಡುತ್ತಾ ಜಾರಿ ಬಿದ್ದರೆ ಆಗುವ ಗಾಯ ಸಣ್ಣದಲ್ಲ.

ಸೈಕಲ್: ಕೀಲಿಗೆ ನೆಮ್ಮದಿ, ತೊಡೆಗೆ ಪರೀಕ್ಷೆ

ಸೀಟು ನಿಮ್ಮ ಭಾರ ಹೊರುತ್ತದೆ. ಇದೇ ಸೈಕಲ್‌ನ ಲಾಭ, ಇದೇ ಅದರ ಮಿತಿ. ಮಂಡಿಗೆ, ಪಾದಕ್ಕೆ ಹೊಡೆತವಿಲ್ಲದೆ ಬಹಳ ಹೊತ್ತು ಮಾಡಬಹುದು. ಆದರೆ ತೂಕ ಹೆಚ್ಚಿದ್ದವರಿಗೆ ಟ್ರೆಡ್‌ಮಿಲ್‌ನಲ್ಲಿ ತಾನಾಗಿ ಸಿಗುವ ಹೆಚ್ಚುವರಿ ಖರ್ಚು ಇಲ್ಲಿ ಸಿಗುವುದಿಲ್ಲ. ಎಷ್ಟು ಬಲವಾಗಿ ತುಳಿಯುತ್ತೀರೋ ಅಷ್ಟೇ.

ಆ ಬಲವನ್ನು ವ್ಯಾಟ್‌ನಲ್ಲಿ ತೋರಿಸುವ ಸೈಕಲ್ ಸಿಕ್ಕರೆ ಬಿಡಬೇಡಿ, ಕಾರ್ಡಿಯೋ ವಿಭಾಗದಲ್ಲಿ ಅದಕ್ಕಿಂತ ನೇರವಾದ ಅಳತೆ ಇಲ್ಲ. ಅರ್ಧ ಗಂಟೆ 100 ವ್ಯಾಟ್ ಹಿಡಿದು ತುಳಿದರೆ ಖರ್ಚು ಸುಮಾರು 200ರಿಂದ 225 ಕ್ಯಾಲರಿ. ಮಾನವ ದೇಹ ಖರ್ಚು ಮಾಡಿದ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಕಡಿಮೆಯಷ್ಟೇ ಪೆಡಲ್‌ಗೆ ತಲುಪುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಒಂದು ಕ್ಯಾಲರಿ ಅಂದರೆ ನಾಲ್ಕು ಕಿಲೋಜೂಲ್‌ಗಿಂತ ಸ್ವಲ್ಪ ಹೆಚ್ಚು. ಈ ಎರಡೂ ಒಂದನ್ನೊಂದು ಸರಿದೂಗಿಸುವುದರಿಂದ ಪರದೆಯಲ್ಲಿ ಕಿಲೋಜೂಲ್ ಎಷ್ಟು ಬರುತ್ತದೋ ಅಷ್ಟೇ ಅಥವಾ ಸ್ವಲ್ಪ ಹೆಚ್ಚು ಕ್ಯಾಲರಿ ಖರ್ಚಾಗಿದೆ ಎಂದು ಹಿಡಿಯಬಹುದು. ಒಂದು ತಿಂಗಳಲ್ಲಿ ಅದೇ ಹೃದಯ ಬಡಿತಕ್ಕೆ 100 ವ್ಯಾಟ್ 115 ಆಯಿತೆಂದರೆ, ತೂಕದ ಯಂತ್ರ ಏನೇ ಹೇಳಲಿ, ನೀವು ಮುಂದೆ ಹೋಗಿದ್ದೀರಿ.

ತೊಂದರೆ ಏನೆಂದರೆ, ಹೊಸಬರಿಗೆ ಏದುಸಿರು ಬರುವ ಮೊದಲೇ ತೊಡೆ ಉರಿಯುತ್ತದೆ. ಉರಿ ತಡೆಯಲಾರದೆ ರೆಸಿಸ್ಟೆನ್ಸ್ (ಪೆಡಲ್‌ನ ಬಿಗಿ) ಇಳಿಸಿ, ಗಾಳಿಯಲ್ಲಿ ಕಾಲು ತಿರುಗಿಸುತ್ತಾ ಅರ್ಧ ಗಂಟೆ ಕಳೆಯುವವರು ಎಲ್ಲ ಜಿಮ್‌ಗಳಲ್ಲೂ ಇದ್ದಾರೆ. ಬೆವರೂ ಇಲ್ಲ, ಖರ್ಚೂ ಇಲ್ಲ. ಪರಿಹಾರ, ರೆಸಿಸ್ಟೆನ್ಸ್ ತೀರಾ ಇಳಿಸದೆ ನಿಮಿಷಕ್ಕೆ 70ರಿಂದ 90 ಸುತ್ತು ತುಳಿಯುವುದು. ಮೂರು ವಾರದಲ್ಲಿ ತೊಡೆ ಒಗ್ಗಿಕೊಳ್ಳುತ್ತದೆ.

ಸೀಟಿನ ಎತ್ತರ ತಪ್ಪಿದರೆ ಮಂಡಿಗೆ ಒಳ್ಳೆಯದೆಂದು ಹತ್ತಿದ ಸೈಕಲ್ಲೇ ಮಂಡಿ ನೋವು ತರುತ್ತದೆ. ಪೆಡಲ್ ಅತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿ ತಾನಾಗಿ ಸ್ವಲ್ಪ ಬಾಗಿರುತ್ತದೆ.

ಸೈಕಲ್‌ಗಳಲ್ಲೂ ಜಾತಿಗಳಿವೆ. ಬೆನ್ನಿಗೆ ಆನಿಸಿಕೊಂಡು ಕಾಲು ಮುಂದಕ್ಕೆ ಚಾಚಿ ತುಳಿಯುವ ರಿಕಂಬೆಂಟ್, ಸೊಂಟ ನೋವಿರುವವರಿಗೆ, ಹಿರಿಯರಿಗೆ, ಸಣ್ಣ ಸೀಟಿನ ಮೇಲೆ ಕೂರಲಾಗದಷ್ಟು ಭಾರ ಇರುವವರಿಗೆ ವರ. ಸ್ಪಿನ್ ಬೈಕ್ ಎದ್ದು ನಿಂತು ತುಳಿಯಲು, ಗುಂಪಿನಲ್ಲಿ ಹಾಡು ಹಾಕಿಕೊಂಡು ಮಾಡಲು ಚೆಂದ. ಅದರ ಭಾರದ ಚಕ್ರ ಪೆಡಲ್‌ಗೆ ನೇರವಾಗಿ ಕೂಡಿಕೊಂಡಿದ್ದರೆ ಕಾಲು ನಿಲ್ಲಿಸಿದರೂ ಪೆಡಲ್ ತಿರುಗುತ್ತಲೇ ಇರುತ್ತದೆ, ಹಾಗಾಗಿ ಬ್ರೇಕ್ ಎಲ್ಲಿದೆ ಎಂದು ನೋಡಿಕೊಂಡೇ ಹತ್ತಿ.

ಎಲಿಪ್ಟಿಕಲ್: ನಡುದಾರಿ

ಕ್ರಾಸ್ ಟ್ರೇನರ್ ಎಂದೂ ಕರೆಯುವ ಇದು 1990ರ ದಶಕದಲ್ಲಿ ಜಿಮ್‌ಗಳಿಗೆ ಬಂದದ್ದು. ಪಾದ ಪೆಡಲ್ ಬಿಟ್ಟು ಏಳುವುದೇ ಇಲ್ಲ, ಹಾಗಾಗಿ ಓಟದ ಹೊಡೆತ ಇಲ್ಲ. ನಿಂತೇ ಮಾಡುವುದರಿಂದ ದೇಹದ ಭಾರವನ್ನು ನೀವೇ ಹೊರುತ್ತೀರಿ, ಕೈಯೂ ಕೆಲಸ ಮಾಡುತ್ತದೆ. ಮಂಡಿ ಸವೆತ ಶುರುವಾದವರಿಗೆ, ಓಟದಿಂದ ಗಾಯಗೊಂಡು ಚೇತರಿಸಿಕೊಳ್ಳುತ್ತಿರುವವರಿಗೆ ನನ್ನ ಮೊದಲ ಸಲಹೆ ಇದು.

ಇದರ ದೋಷ ಇದರ ಸಲೀಸುತನವೇ. ರೆಸಿಸ್ಟೆನ್ಸ್ 2ರಲ್ಲಿಟ್ಟರೆ ಯಂತ್ರದ ವೇಗವೇ ಕಾಲನ್ನು ಎಳೆದುಕೊಂಡು ಹೋಗುತ್ತದೆ, ಪರದೆಯಲ್ಲಿ ಕ್ಯಾಲರಿ ಏರುತ್ತಲೇ ಇರುತ್ತದೆ. ಮಧ್ಯಮ ಶ್ರಮದಲ್ಲಿ ಎಪ್ಪತ್ತು ಕಿಲೋ ವ್ಯಕ್ತಿಗೆ ಅರ್ಧ ಗಂಟೆಗೆ 175 ಕ್ಯಾಲರಿ ಎಂದು ಲೆಕ್ಕ ಹಾಕುವುದು ಒಳ್ಳೆಯದು. ಪರದೆ ಅದರ ಎರಡರಷ್ಟು ತೋರಿಸಿದರೂ ನಂಬಬೇಡಿ. ಮಾತಾಡಿದರೆ ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳಬೇಕಾಗುವಷ್ಟು ರೆಸಿಸ್ಟೆನ್ಸ್ ಇರಲಿ. ಚಲಿಸುವ ಹಿಡಿಕೆಗಳನ್ನು ಸುಮ್ಮನೆ ಹಿಡಿದುಕೊಳ್ಳದೆ ನಿಜವಾಗಿ ತಳ್ಳಿ, ಎಳೆಯಿರಿ.

ಹೆಜ್ಜೆಯ ಉದ್ದವನ್ನು ಹೆಚ್ಚಿನ ಯಂತ್ರಗಳಲ್ಲಿ ಬದಲಿಸಲಾಗುವುದಿಲ್ಲ. ತುಂಬ ಎತ್ತರದವರಿಗೆ ಕುಂಟಿದಂತೆ, ಗಿಡ್ಡ ಇರುವವರಿಗೆ ಕಾಲು ಎಳೆದಂತೆ ಅನಿಸಬಹುದು. ಅಂಥದ್ದರಲ್ಲಿ ಸೊಂಟ ನೋವು ಬಂದರೆ ನಿಮ್ಮ ತಪ್ಪಲ್ಲ, ಆ ಯಂತ್ರ ನಿಮ್ಮ ಅಳತೆಯದಲ್ಲ. ಪಾದ ಜೋಮು ಹಿಡಿಯುವುದು ಇಲ್ಲಿ ಸಾಮಾನ್ಯ ದೂರು. ಬೆರಳ ಮೇಲೆ ಭಾರ ಹಾಕದೆ ಇಡೀ ಪಾದ ಊರಿದರೆ, ಶೂ ದಾರ ಸ್ವಲ್ಪ ಸಡಿಲಿಸಿದರೆ ಬಹಳಷ್ಟು ಮಂದಿಗೆ ಸರಿಹೋಗುತ್ತದೆ.

ರೋಯಿಂಗ್: ಕಲಿತವರಿಗೆ ಮಾತ್ರ

ಕಾಲು, ಬೆನ್ನು, ಕೈ ಮೂರೂ ದುಡಿಯುವ ಯಂತ್ರ ಇದು, ಹೊಡೆತವಂತೂ ಇಲ್ಲವೇ ಇಲ್ಲ. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ನನ್ನ ಮೊದಲ ಅಳತೆ ತಾಳುವ ನಿಮಿಷ, ಹೊಸಬರು ಇದರಲ್ಲಿ ತಾಳುವುದು ಬಹಳವೆಂದರೆ ಹತ್ತು ನಿಮಿಷ. ಅದೂ ತಪ್ಪು ಭಂಗಿಯಲ್ಲಿ ಮಾಡಿದರೆ ಭಾರ ಬೀಳುವುದು ಸೊಂಟದ ಮೇಲೆ.

ಕ್ರಮ ಹೀಗೆ: ಮೊದಲು ಕಾಲಿನಿಂದ ತಳ್ಳಬೇಕು, ಕಾಲು ನೇರವಾಗುತ್ತಿದ್ದಂತೆ ಬೆನ್ನು ಸ್ವಲ್ಪ ಹಿಂದಕ್ಕೆ ವಾಲಬೇಕು, ಕೊನೆಯಲ್ಲಿ ಕೈ ಎದೆಯ ಕೆಳಗೆ ಬರಬೇಕು. ಮರಳುವಾಗ ಇದರ ಉಲ್ಟಾ: ಕೈ, ಬೆನ್ನು, ಕಾಲು. ಬಲದ ಹೆಚ್ಚಿನ ಪಾಲು ಕಾಲಿನದು. ಕೈಯಿಂದ ಎಳೆಯುವ ಯಂತ್ರ ಎಂದು ತಿಳಿದವರು ಬೇಗ ಸೋಲುತ್ತಾರೆ. ಪಕ್ಕದ ಡ್ಯಾಂಪರ್ (ಫ್ಯಾನ್‌ಗೆ ಹೋಗುವ ಗಾಳಿ ಹೊಂದಿಸುವ ಹಿಡಿ) ಅನ್ನು 10ಕ್ಕೆ ತಿರುಗಿಸುವುದು ಇನ್ನೊಂದು ತಪ್ಪು. ಅದು ಗೇರ್ ಇರುವ ಸೈಕಲ್‌ನಲ್ಲಿ ಭಾರದ ಗೇರ್ ಹಾಕಿಕೊಂಡ ಹಾಗೆ, ಶ್ರಮದ ಮಟ್ಟವನ್ನು ಅದು ನಿರ್ಧರಿಸುವುದಿಲ್ಲ. 3ರಿಂದ 5ರಲ್ಲಿಟ್ಟು ಕಾಲಿನಿಂದ ಜೋರಾಗಿ ತಳ್ಳಿದರೆ ವ್ಯಾಟ್ ತಾನಾಗಿ ಏರುತ್ತದೆ.

ಟ್ರೇನರ್ ಹತ್ತಿರ ಎರಡು ದಿನ ಕೂತು ಕಲಿಯುವ ತಾಳ್ಮೆ ಇದ್ದರೆ, ಇದನ್ನು ಎರಡನೇ ಯಂತ್ರವಾಗಿ ಇಟ್ಟುಕೊಳ್ಳಿ: ಇಪ್ಪತ್ತು ನಿಮಿಷ ಏರು ನಡಿಗೆ, ಆಮೇಲೆ ಹತ್ತು ನಿಮಿಷ ರೋಯಿಂಗ್. ಸೀಟು ನೆಲಕ್ಕೆ ಹತ್ತಿರ ಇರುವುದರಿಂದ ಕೂತು ಏಳಲು ಕಷ್ಟಪಡುವವರಿಗೆ, ಹೊಟ್ಟೆ ತೊಡೆಗೆ ತಾಗಿ ಮುಂದೆ ಬಾಗಲಾಗದವರಿಗೆ, ಡಿಸ್ಕ್ ತೊಂದರೆ ಇರುವವರಿಗೆ ಸದ್ಯಕ್ಕೆ ಬೇಡ.

ಮೆಟ್ಟಿಲು ಯಂತ್ರ ಮತ್ತು ಏರ್ ಬೈಕ್

ಮೆಟ್ಟಿಲು ಉರುಳುತ್ತಾ ಬರುವ ಸ್ಟೆಪ್‌ಮಿಲ್ ಇಡೀ ವಿಭಾಗದಲ್ಲಿ ಗಟ್ಟಿ ಯಂತ್ರಗಳಲ್ಲೊಂದು. ಎಪ್ಪತ್ತು ಕಿಲೋ ವ್ಯಕ್ತಿಗೆ ಅರ್ಧ ಗಂಟೆಗೆ 300 ದಾಟುತ್ತದೆ, ತೊಡೆ, ಪೃಷ್ಠ ಎರಡೂ ಬಲಗೊಳ್ಳುತ್ತವೆ. ಇಳಿಯುವ ಕೆಲಸ ಇಲ್ಲದಿರುವುದರಿಂದ ನಿಜವಾದ ಮೆಟ್ಟಿಲಿಗಿಂತ ಮಂಡಿಗೆ ಸ್ವಲ್ಪ ಹಗುರ, ಆದರೂ ಮಂಡಿಚಿಪ್ಪಿನ ಹಿಂದೆ ನೋವಿರುವವರು ದೂರವಿರಿ. ಅತಿ ನಿಧಾನದ ಹಂತದಲ್ಲೂ ಹೊಸಬರ ಬಡಿತ ಜಿಗಿಯುತ್ತದೆ. ಆಗ ಮೊಣಕೈ ಊರಿ ಒರಗಿ ನಿಲ್ಲುತ್ತಾರೆ, ಟ್ರೆಡ್‌ಮಿಲ್‌ನಲ್ಲಿ ಹೇಳಿದ್ದೇ ಇಲ್ಲೂ ಆಗುತ್ತದೆ. ಅರ್ಧ ಗಂಟೆ ಏರು ನಡಿಗೆ ಸಲೀಸಾದ ಮೇಲೆ ಇದಕ್ಕೆ ಬನ್ನಿ.

ಏರ್ ಬೈಕ್‌ನಲ್ಲಿ ಫ್ಯಾನ್ ಗಾಳಿಯನ್ನು ತಳ್ಳುತ್ತದೆ. ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಎಂಟು ಪಟ್ಟು. ಹಾಗಾಗಿ ಇದು ಚಿಕ್ಕ ಚಿಕ್ಕ ಸಿಡಿತಕ್ಕೆ ಹೇಳಿಮಾಡಿಸಿದ್ದು: ಇಪ್ಪತ್ತು ಸೆಕೆಂಡು ಜೋರಾಗಿ, ಒಂದೂವರೆ ನಿಮಿಷ ನಿಧಾನವಾಗಿ, ಎಂಟು ಸುತ್ತು. ನಾಲ್ಕು ಗಂಟೆಯ ವಾರವನ್ನು ಇದೊಂದರಲ್ಲೇ ಕಳೆಯುತ್ತೇನೆ ಎನ್ನುವವರನ್ನು ನಾನು ಪ್ರೋತ್ಸಾಹಿಸುವುದಿಲ್ಲ.

ಹೀಗೆ ಜೋರಾಗಿ ಒಮ್ಮೆ, ನಿಧಾನವಾಗಿ ಒಮ್ಮೆ ಸರದಿಯಲ್ಲಿ ಮಾಡುವುದನ್ನು ಇಂಟರ್ವಲ್ ಎನ್ನುತ್ತಾರೆ. ಮುಗಿದ ಮೇಲೂ ಗಂಟೆಗಟ್ಟಲೆ ಕೊಬ್ಬು ಕರಗುತ್ತದೆ ಎಂಬ ಮಾತಿನಲ್ಲಿ ಸತ್ಯ ಇದೆ, ಆದರೆ ಆ ಹೆಚ್ಚುವರಿ ಬಹಳ ಸಣ್ಣದು. ಒಟ್ಟು ಖರ್ಚು ಸಮವಾಗಿದ್ದರೆ ಏಕವೇಗದ ನಡಿಗೆಗೂ ಇಂಟರ್ವಲ್‌ಗೂ ಕೊಬ್ಬು ಇಳಿಸುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇಂಟರ್ವಲ್‌ನ ನಿಜವಾದ ಗುಣ ಸಮಯ ಉಳಿತಾಯ. ವಾರಕ್ಕೆ ಎರಡು ದಿನ ಸಾಕು.

ನಿಮ್ಮ ಸ್ಥಿತಿಗೆ ಯಾವುದು

ತೂಕ ಬಹಳ ಹೆಚ್ಚಿದ್ದು, ವರ್ಷಗಳಿಂದ ವ್ಯಾಯಾಮ ಇಲ್ಲದವರು ಟ್ರೆಡ್‌ಮಿಲ್‌ನಲ್ಲಿ ಸಮತಟ್ಟು ನಡಿಗೆ ಹತ್ತು ನಿಮಿಷ, ರಿಕಂಬೆಂಟ್ ಸೈಕಲ್ ಹತ್ತು ನಿಮಿಷ ಎಂದು ಹಂಚಿಕೊಂಡು ಶುರು ಮಾಡಿ. ಒಂದೇ ಕೀಲಿಗೆ ಪೂರ್ತಿ ಭಾರ ಬೀಳುವುದು ತಪ್ಪುತ್ತದೆ. ಮಂಡಿ ನೋವಿದ್ದರೆ ಎಲಿಪ್ಟಿಕಲ್, ಅದೂ ನೋಯಿಸಿದರೆ ಸೀಟು ಸರಿ ಮಾಡಿದ ಸೈಕಲ್. ಸೊಂಟ ನೋವಿದ್ದರೆ ಸಮತಟ್ಟು ನಡಿಗೆ ಅಥವಾ ರಿಕಂಬೆಂಟ್ ಎರಡರಲ್ಲಿ ಯಾವುದು ನೋವು ಹೆಚ್ಚಿಸುವುದಿಲ್ಲವೋ ಅದು. ಕೆಲವರಿಗೆ ಕೂತರೆ ನೋವು, ಕೆಲವರಿಗೆ ನಿಂತರೆ, ಇದನ್ನು ಹೊರಗಿನವರು ಹೇಳಲಾಗದು. ಮುಟ್ಟು ನಿಂತ ಮಹಿಳೆಯರಿಗೆ ಮೂಳೆಯ ಚಿಂತೆ ಇದ್ದರೆ, ಸೈಕಲ್ ಒಂದನ್ನೇ ನಂಬದೆ ಕಾಲೂರಿ ನಡೆಯುವ ವ್ಯಾಯಾಮವೂ ಇರಲಿ, ಮೂಳೆಗೆ ಭಾರ ಬೀಳಬೇಕು.

ದಿನಕ್ಕೆ ಇಪ್ಪತ್ತೇ ನಿಮಿಷ ಇರುವ, ಆರೋಗ್ಯ ಗಟ್ಟಿಯಿರುವವರು ಸ್ಟೆಪ್‌ಮಿಲ್ ಅಥವಾ 10ರ ಏರು ನಡಿಗೆಗೆ ಹೋಗಬಹುದು. ಬೇಗ ಬೇಸರವಾಗುವವರು ಮೂರು ಯಂತ್ರಗಳಲ್ಲಿ ತಲಾ ಹದಿನೈದು ನಿಮಿಷ ಮಾಡಿ, ದೇಹಕ್ಕೆ ಲೆಕ್ಕ ಒಂದೇ. ಸಂಜೆ ನೂಕುನುಗ್ಗಲಿನ ಹೊತ್ತಿಗೆ ಮಾತ್ರ ಹೋಗಲಾಗುವವರು ಆ ಹೊತ್ತಿಗೆ ಯಾವುದು ಖಾಲಿ ಇರುತ್ತದೆ ಎಂದು ನೋಡಿ ಅದನ್ನು ಪಳಗಿಸಿಕೊಳ್ಳಿ. ಕಾಯುತ್ತಾ ನಿಲ್ಲುವ ನಿಮಿಷಕ್ಕೆ ಕ್ಯಾಲರಿ ಇಲ್ಲ.

ಯಾರೇ ಆಗಲಿ ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಸೇರಿಸಿಕೊಳ್ಳಿ. ಕಾರ್ಡಿಯೋ ಮತ್ತು ಕಡಿಮೆ ಊಟ ಎರಡೇ ಆದರೆ ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲೂ ಸೇರಿಬಿಡುತ್ತದೆ.

ಹೃದಯ ತೊಂದರೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರು ವೈದ್ಯರನ್ನು ಕಂಡ ಮೇಲೆಯೇ ಹತ್ತಬೇಕು. ಬೀಟಾ ಬ್ಲಾಕರ್ ಮಾತ್ರೆ (ಹೃದಯ, ರಕ್ತದೊತ್ತಡಕ್ಕೆ ಕೊಡುವ ಒಂದು ಬಗೆಯ ಔಷಧ) ತೆಗೆದುಕೊಳ್ಳುವವರ ಹೃದಯ ಬಡಿತ ಶ್ರಮಕ್ಕೆ ತಕ್ಕಂತೆ ಏರುವುದಿಲ್ಲ, ಪರದೆಯ ಬಡಿತ ನೋಡಿ ವೇಗ ಹೆಚ್ಚಿಸುತ್ತಾ ಹೋಗಬಾರದು, ಮಾತಾಡಲು ಆಗುತ್ತದೆಯೇ ಎಂಬುದೇ ಅವರ ಅಳತೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ಮಟ್ಟ ಕುಸಿಯಬಹುದು, ಬೇಗ ರಕ್ತಕ್ಕೆ ಸೇರುವ ಸಿಹಿ ಏನಾದರೂ ಜೊತೆಗಿರಲಿ. ಎದೆ ಬಿಗಿದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ.

ಮನೆಗೆ ಕೊಳ್ಳುವುದಾದರೆ

ಖರ್ಚಿನ ಲೆಕ್ಕ ಇಲ್ಲಿ ತಿರುಗುತ್ತದೆ. ಒಳ್ಳೆಯ ಟ್ರೆಡ್‌ಮಿಲ್ ದುಬಾರಿ, ಅಗ್ಗದ ಟ್ರೆಡ್‌ಮಿಲ್ ಇನ್ನೂ ದುಬಾರಿ, ಯಾಕೆಂದರೆ ಸಣ್ಣ ಮೋಟಾರು ಭಾರ ತಾಳದೆ ಕೆಡುತ್ತದೆ, ಚಿಕ್ಕ ಪಟ್ಟಿಯ ಮೇಲೆ ಹೆಜ್ಜೆ ಕುಗ್ಗುತ್ತದೆ. ಮೋಟಾರಿನ "ಪೀಕ್" ಸಂಖ್ಯೆ ನೋಡಬೇಡಿ, ನಿರಂತರ ಸಾಮರ್ಥ್ಯ ಎಷ್ಟೆಂದು ಕೇಳಿ. ತಾಳುವ ತೂಕದ ಮಿತಿ ನಿಮ್ಮ ತೂಕಕ್ಕಿಂತ ಸಾಕಷ್ಟು ಮೇಲಿರಲಿ, ಇನ್‌ಕ್ಲೈನ್ ಮೋಟಾರಿನಿಂದ ಏರುವಂತಿರಲಿ. ಪಟ್ಟಿಯ ಕೆಳಗೆ ಆಗಾಗ ಸಿಲಿಕೋನ್ ಎಣ್ಣೆ ಹಾಕಬೇಕು, ಕೆಳಗಿನ ಮನೆಯವರಿಗೆ ಸದ್ದು ಕೇಳುತ್ತದೆ, ಮಕ್ಕಳಿದ್ದರೆ ಸುರಕ್ಷತಾ ಕೀಲಿ ತೆಗೆದಿಡಬೇಕು.

ಕೈ ಬಿಗಿ ಇದ್ದರೆ ಮ್ಯಾಗ್ನೆಟಿಕ್ (ಅಯಸ್ಕಾಂತದಿಂದ ಬಿಗಿ ಕೊಡುವ) ಸ್ಪಿನ್ ಬೈಕ್ ಕೊಳ್ಳಿ: ಸದ್ದಿಲ್ಲ, ಜಾಗ ಕಡಿಮೆ, ಕೆಡುವ ಭಾಗಗಳು ಕಡಿಮೆ. ನಡಿಗೆಯನ್ನು ಹೊರಗೆ ಮುಗಿಸಿ, ಬೈಕ್ ಮನೆಯಲ್ಲಿ ಇಟ್ಟುಕೊಂಡರೆ ಎರಡೂ ದಕ್ಕಿದಂತೆ. ಅಗ್ಗದ ಎಲಿಪ್ಟಿಕಲ್ ಬೇಡ, ಹೆಜ್ಜೆ ಚಿಕ್ಕದಾಗಿ ಅಲುಗಾಡುತ್ತವೆ, ಈ ಒಂದು ಯಂತ್ರದಲ್ಲಿ ಜಿಮ್‌ನದಕ್ಕೂ ಮನೆಯದಕ್ಕೂ ಅಂತರ ಬಹಳ. ರೋಯಿಂಗ್ ಯಂತ್ರಗಳಲ್ಲಿ ಎತ್ತಿ ನಿಲ್ಲಿಸಿಡಬಹುದಾದವೂ ಇವೆ, ಆದರೆ ಕಲಿಸುವವರಿಲ್ಲದೆ ಮನೆಗೆ ತರಬೇಡಿ. ಯಾವುದೇ ಆಗಲಿ, ಮೊದಲು ಜಿಮ್‌ನಲ್ಲಿ ಎರಡು ತಿಂಗಳು ಅದನ್ನೇ ಬಿಡದೆ ಬಳಸಿದ್ದೀರಾ ಎಂದು ನೋಡಿಕೊಂಡು ಆಮೇಲೆ ಹಣ ಹಾಕಿ.

ಇನ್ನೂ ಎರಡರ ನಡುವೆ ತೂಗಾಡುತ್ತಿದ್ದರೆ ಹೀಗೆ ಮಾಡಿ. ಒಂದು ವಾರ ಒಂದು ಯಂತ್ರ, ಮುಂದಿನ ವಾರ ಇನ್ನೊಂದು, ಎರಡರಲ್ಲೂ ವಾಕ್ಯದ ನಡುವೆ ಉಸಿರು ಬೇಕಾಗುವ ಮಟ್ಟದಲ್ಲೇ ಮಾಡಿ. ಪ್ರತಿ ದಿನ ಮೂರು ವಿಷಯ ಬರೆದಿಡಿ: ಎಷ್ಟು ನಿಮಿಷ ಆಯಿತು, ಮರುದಿನ ಬೆಳಗ್ಗೆ ಯಾವ ಕೀಲು ನೊಂದಿತು, ಮತ್ತೆ ಹೋಗಲು ಮನಸ್ಸು ಹಿಂಜರಿಯಿತೇ. ಸ್ನಾಯು ನೋವು ಬಂದು ಎರಡು ದಿನದಲ್ಲಿ ಹೋದರೆ ಲೆಕ್ಕಕ್ಕೆ ಬೇಡ, ಕೀಲು ನೋವು ಉಳಿದರೆ ಆ ಯಂತ್ರ ಬಿಡಿ. ಕೀಲು ನೋವಿಲ್ಲದೆ ಯಾವ ವಾರದ ನಿಮಿಷ ಹೆಚ್ಚಾಯಿತೋ ಆ ಯಂತ್ರ ನಿಮ್ಮದು, ಪರದೆಯ ಕ್ಯಾಲರಿ ಕಡಿಮೆ ತೋರಿಸಿದ್ದರೂ ಸರಿ.